ಮೂಕಿ ಎತ್ತುವ ಮುನ್ನ

ಅಕ್ಟೋಬರ್‌ನ ಒಂದು ಶನಿವಾರ ಬೆಳಿಗ್ಗೆ ಗೆಳೆಯ ಫೋನ್ ಮಾಡಿ, "ಟೇಪು ಹಿಡ್ಕೊಂಡು ಮನೆ ಹತ್ರ ಬಾ ಮಾರಾಯ, ಗಾಡಿ ನೋಡು" ಎಂದ. ಹಾಸನದ ಕಡೆಯವನು, ಡೆನ್ವರ್ ಸೇರಿ ಹದಿನೈದು ವರ್ಷವಾಗಿದೆ. ಆ ವಾರವಷ್ಟೇ ಒಂದು ಸೆಕೆಂಡ್ ಹ್ಯಾಂಡ್ ಫೋರ್ಡ್ ಎಫ್-150 ಪಿಕಪ್ ಕೊಂಡಿದ್ದ. ಗಾಡಿ ಚೆನ್ನಾಗಿತ್ತು. ಆದರೆ ಅವನ ಕಣ್ಣಿಗೆ ಒಂದು ಕೊರತೆ ಕಂಡಿತ್ತು. ಪಕ್ಕದಿಂದ ನೋಡಿದರೆ ಮೂತಿ ತಗ್ಗಾಗಿ, ಹಿಂಭಾಗ ಎತ್ತರವಾಗಿ ಕಾಣುತ್ತದೆ. "ಮುಂದೆ ಎರಡೂವರೆ ಇಂಚು ಎತ್ತಿಸಿ ಮೂವತ್ತೈದು ಇಂಚಿನ ಟೈರ್ ಹಾಕಿಸ್ತೀನಿ. ಅಂಗಡಿಯವರು ಸೋಮವಾರ ಬಾ ಅಂದಿದ್ದಾರೆ" ಎಂದ.

ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಗಾಡಿ ನಿಲ್ಲಿಸಿ ಅಳೆದೆವು. ನೆಲದಿಂದ ಫೆಂಡರ್‌ನ ಕಮಾನಿನ ಅಂಚಿನವರೆಗೆ ಮುಂದೆ 37 ಇಂಚು, ಹಿಂದೆ 39. ಅವನು ಹೇಳಿದ ಕೊರತೆ ಸರಿಯಾಗಿ 2 ಇಂಚು. ಹಿತ್ತಲಲ್ಲಿ ಕಾಲುದಾರಿ ಮಾಡಲೆಂದು ಅವನು ಕಾಂಕ್ರೀಟ್ ಚೀಲಗಳನ್ನು ತಂದಿಟ್ಟಿದ್ದ. ಒಂದೊಂದೂ 80 ಪೌಂಡ್. ಇಬ್ಬರೂ ಸೇರಿ ಹತ್ತು ಚೀಲ ಹೊತ್ತು ಪಿಕಪ್‌ನ ತೊಟ್ಟಿಗೆ ಹಾಕಿದೆವು. 800 ಪೌಂಡ್ ಎಂದರೆ ಸುಮಾರು 363 ಕಿಲೋ. ಮತ್ತೆ ಟೇಪು ಹಿಡಿದೆವು. ಹಿಂಭಾಗ ಒಂದೂಕಾಲು ಇಂಚು ಇಳಿದಿತ್ತು, ಮುಂಭಾಗ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಗಾಡಿ ಈಗ ಸಮನಾಗಿ ಕಾಣತೊಡಗಿತ್ತು. ಗೆಳೆಯ ಟೇಪನ್ನು ಸುತ್ತದೆ ಹಾಗೇ ಹಿಡಿದು ನಿಂತ.

ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಒಂದೂಕಾಲು ಇಂಚಿನೊಳಗಿದೆ. ಪಿಕಪ್‌ನ ಮೂತಿ ತಗ್ಗಿರುವುದು ತಯಾರಕರ ಅಜಾಗರೂಕತೆಯಿಂದಲ್ಲ. ಹೊರೆ ಬಂದಾಗ ಹಿಂಭಾಗ ಕುಸಿಯುತ್ತದೆಂದು ತಿಳಿದೇ ಅವರು ಆ ಎತ್ತರವನ್ನು ಕಾದಿರಿಸಿರುತ್ತಾರೆ. ಅದನ್ನು ತೆಗೆಯುವ ಹಕ್ಕು ಗಾಡಿಯ ಯಜಮಾನನಿಗೆ ಖಂಡಿತ ಇದೆ. ಆದರೆ ತಾನು ಹೊರುವ ಹೊರೆ ಎಷ್ಟೆಂದು ತಿಳಿಯದೆ ತೆಗೆಯಬಾರದು.

ಹೇರಿನ ಲೆಕ್ಕ

ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಈ ಲೆಕ್ಕ ಹೊಸದಲ್ಲ. ಹೇರು ಮುಂದಾದರೆ ಮೂಕಿಭಾರ, ಎತ್ತಿನ ಹೆಗಲು ನೋಯುತ್ತದೆ. ಹಿಂದಾದರೆ ಹಿಂಭಾರ, ಮೂಕಿ ಮೇಲೆದ್ದು ನೊಗ ಕೊರಳನ್ನು ಎಳೆಯುತ್ತದೆ. ಅದಕ್ಕೇ ಹಿರಿಯರು ಹುಲ್ಲಾಗಲಿ ಮೂಟೆಯಾಗಲಿ ಹೇರುತ್ತಾ ಹೋದಂತೆ ನಡುನಡುವೆ ನೊಗಕ್ಕೆ ಕೈಹಾಕಿ ಎತ್ತಿ ನೋಡುತ್ತಿದ್ದರು. ಕೈಗೆ ಹಗುರವಾಗಿ, ಆದರೆ ಕೆಳಮುಖವಾಗಿ ಬಂದರೆ ತೂಕ ಸರಿಯಾಗಿದೆ ಎಂದರ್ಥ.

ಪಿಕಪ್‌ನಲ್ಲಿ ಎತ್ತಿನ ಜಾಗದಲ್ಲಿ ಮುಂದಿನ ಚಕ್ರಗಳಿವೆ. ಗಾಡಿಯನ್ನು ತಿರುಗಿಸುವುದು ಅವು, ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಮಾಡುವುದೂ ಅವೇ. ಅವುಗಳ ಮೇಲೆ ಸಾಕಷ್ಟು ಭಾರ ಕೂತಿರಬೇಕು. ಹಿಂದೆ ಟ್ರೇಲರ್ ಕಟ್ಟಿದಾಗ ಆಗುವುದು ಹಿಂಭಾರ. ನನ್ನ ಗೆಳೆಯನ ಮನೆಯವರು ಬೇಸಿಗೆಯಲ್ಲಿ ಮೂರು ನಾಲ್ಕು ಸಲ ಕ್ಯಾಂಪಿಂಗ್‌ಗೆ ಹೋಗುತ್ತಾರೆ. ಅವರ ಟ್ರೇಲರ್ ಸಾಮಾನು ತುಂಬಿದಾಗ ಸುಮಾರು 6,000 ಪೌಂಡ್ ತೂಗುತ್ತದೆ. ಇಂಥ ಟ್ರೇಲರ್‌ನ ತೂಕದಲ್ಲಿ ಶೇ 10ರಿಂದ 15ರಷ್ಟು ಪಿಕಪ್‌ನ ಹಿಂದಿನ ಹಿಚ್ ಮೇಲೆ ಕೂರಬೇಕು, ಇಲ್ಲದಿದ್ದರೆ ಟ್ರೇಲರ್ ಅತ್ತಿತ್ತ ಬಾಲ ಬೀಸುತ್ತದೆ. ಅಂದರೆ 600ರಿಂದ 900 ಪೌಂಡ್.

ನಾವು ತೊಟ್ಟಿಗೆ ಹಾಕಿದ್ದೂ ಅಷ್ಟೇ ಅಲ್ಲವೇ ಎನ್ನಬಹುದು. ಆದರೆ ಚೀಲಗಳು ಕೂತದ್ದು ಹಿಂದಿನ ಅಚ್ಚಿನ ಆಸುಪಾಸಿನಲ್ಲಿ. ಹಿಚ್ ಇರುವುದು ಅಚ್ಚಿಗಿಂತ ಸುಮಾರು 5 ಅಡಿ ಹಿಂದೆ. ಎರಡು ಅಚ್ಚುಗಳ ನಡುವೆ ಸುಮಾರು 12 ಅಡಿ ಇರುವ ಗಾಡಿಗೆ ಅಷ್ಟು ಹಿಂದೆ 800 ಪೌಂಡ್ ನೇತುಹಾಕಿದರೆ, ತಕ್ಕಡಿಯ ಕೋಲಿನಂತೆ ಅದು ಮುಂದಿನ ಚಕ್ರಗಳಿಂದ 330 ಪೌಂಡ್‌ನಷ್ಟು ಭಾರವನ್ನು ಎತ್ತಿಬಿಡುತ್ತದೆ; ಹಿಂದಿನ ಅಚ್ಚಿನ ಮೇಲೆ 1,130 ಪೌಂಡ್ ಬೀಳುತ್ತದೆ. ಮುಂದನ್ನು ಮೊದಲೇ ಎರಡೂವರೆ ಇಂಚು ಎತ್ತಿಸಿದ ಗಾಡಿ ಈ ಹೊರೆಯಡಿ ಮೂತಿ ಮೇಲೆತ್ತಿ ಓಡುತ್ತದೆ. ಸ್ಟಿಯರಿಂಗ್ ಹಗುರವಾಗುತ್ತದೆ. ಒದ್ದೆ ರಸ್ತೆಯಲ್ಲಿ, ಬೆಟ್ಟದ ಇಳಿಜಾರಿನಲ್ಲಿ ಆ ಹಗುರವೇ ಅಪಾಯ.

ಭಾರ ಹಂಚುವ ಹಿಚ್ ಎಂಬುದೊಂದಿದೆ. ಎರಡು ಉಕ್ಕಿನ ಸರಳುಗಳ ಬಲದಿಂದ ಅದು ಹಿಂದೆ ಬಿದ್ದ ಭಾರದ ಒಂದು ಪಾಲನ್ನು ಮತ್ತೆ ಮುಂದಿನ ಅಚ್ಚಿಗೆ ತಲುಪಿಸುತ್ತದೆ. ಟ್ರೇಲರ್ ಎಳೆಯುವವರು ಮುಂಭಾಗ ಎತ್ತುವ ಲೆವೆಲಿಂಗ್ ಕಿಟ್‌ಗಿಂತ ಮೊದಲು ಕೊಳ್ಳಬೇಕಾದದ್ದು ಇದನ್ನು. ಹಿಂಭಾಗ ಕುಸಿಯುತ್ತದೆಂಬುದೇ ತೊಂದರೆಯಾದರೆ ಹಿಂದಿನ ಸ್ಪ್ರಿಂಗಿಗೆ ನೆರವಾಗುವ ಏರ್‌ಬ್ಯಾಗ್‌ಗಳೂ ಸಿಗುತ್ತವೆ. ಆದರೆ ಇವುಗಳಿಂದ ಗಾಡಿಯ ಸಾಮರ್ಥ್ಯ ಹೆಚ್ಚುವುದಿಲ್ಲ. ಎಷ್ಟು ಹೊರಬಹುದೆಂಬ ಮಾತು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿದೆ: ಜನರೂ ಸಾಮಾನೂ ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅಲ್ಲಿ ಅಚ್ಚಾಗಿರುತ್ತದೆ. ಆ ಚೀಟಿಯನ್ನು ಓದದೆ ಪಿಕಪ್‌ಗೆ ಯಾವ ಬದಲಾವಣೆಯನ್ನೂ ಮಾಡಿಸಬೇಡಿ.

ಮುಂದನ್ನು ಅತಿಯಾಗಿ ಎತ್ತಿ ಹಿಂದನ್ನು ತಗ್ಗಿಸುವ ಒಂದು ಶೋಕಿಯೂ ಇಲ್ಲಿದೆ. ಅದನ್ನು ಕ್ಯಾರೊಲಿನಾ ಸ್ಕ್ವಾಟ್ ಎನ್ನುತ್ತಾರೆ. ಬಾನೆಟ್ ಎಷ್ಟು ಮೇಲೇಳುತ್ತದೆಂದರೆ ಮುಂದೆ ನಿಂತ ಮಗು ಚಾಲಕನಿಗೆ ಕಾಣುವುದಿಲ್ಲ. ನಾರ್ತ್ ಕ್ಯಾರೊಲಿನಾ 2021ರ ಡಿಸೆಂಬರ್‌ನಿಂದ ಇದನ್ನು ನಿಷೇಧಿಸಿತು. ಮುಂದಿನ ಫೆಂಡರ್ ಹಿಂದಿನದಕ್ಕಿಂತ 4 ಇಂಚು ಅಥವಾ ಹೆಚ್ಚು ಎತ್ತರವಾಗುವಂತೆ ಮಾರ್ಪಡಿಸುವುದು ಅಲ್ಲಿ ಅಪರಾಧ. ವರ್ಜೀನಿಯಾ, ಸೌತ್ ಕ್ಯಾರೊಲಿನಾ ಕೂಡ ಇಂಥದೇ ಕಾನೂನು ತಂದಿವೆ. ಲೆವೆಲಿಂಗ್ ಕಿಟ್ ಆ ಮಿತಿಯಿಂದ ದೂರವೇ ಇದೆ. ಆದರೂ ಮೂತಿ ಮೇಲೆದ್ದಷ್ಟೂ ಕಣ್ಣಿಗೆ ನೆಲ ಮರೆಯಾಗುತ್ತದೆ ಎಂಬುದು ಎಲ್ಲ ಪಿಕಪ್‌ಗಳಿಗೂ ಅನ್ವಯಿಸುವ ಸತ್ಯ.

ಪೆಟ್ಟಿಗೆಯಲ್ಲಿ ಏನಿದೆ

ಲೆವೆಲಿಂಗ್ ಕಿಟ್‌ನ ಹೆಸರು ದೊಡ್ಡದು. ಪೆಟ್ಟಿಗೆ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಅಂಗೈಯಗಲದ ಎರಡು ಲೋಹದ ಬಿಲ್ಲೆ, ಕೆಲವು ಬೋಲ್ಟು ನಟ್ಟು.

ಎಫ್-150ಯಂಥ ಗಾಡಿಯಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತೆ ಸೇರಿಕೊಂಡಿರುತ್ತವೆ. ಇದಕ್ಕೆ ಸ್ಟ್ರಟ್ ಎನ್ನುತ್ತಾರೆ. ಇದರ ತಲೆ ಚಾಸಿಗೆ, ಬುಡ ಕೆಳಗಿನ ಕಂಟ್ರೋಲ್ ಆರ್ಮ್‌ಗೆ ಸೇರಿರುತ್ತದೆ. ಬುಡ ಕೂರುವುದು ಆರ್ಮ್‌ನ ತುದಿಯಲ್ಲಲ್ಲ, ಹೆಚ್ಚುಕಮ್ಮಿ ನಡುವಿನಲ್ಲಿ. ಬಾಗಿಲನ್ನು ನಡುವೆ ಹಿಡಿದು ಒಂದಿಂಚು ತಳ್ಳಿದರೆ ಅದರ ಅಂಚು ಎರಡಿಂಚು ಸರಿಯುವಂತೆ, ಸ್ಟ್ರಟ್‌ನ ತಲೆಯ ಮೇಲೆ 1 ಇಂಚಿನ ಬಿಲ್ಲೆ ಇಟ್ಟರೆ ಗಾಡಿಯ ಮುಂಭಾಗ ಸುಮಾರು 2 ಇಂಚು ಏಳುತ್ತದೆ. "2 ಇಂಚಿನ ಕಿಟ್ ಅಂದ್ರು, ಇಷ್ಟೇ ದಪ್ಪ ಇದೆಯಲ್ಲ" ಎಂದು ಗಾಬರಿಯಾಗುವವರಿಗೆ ಉತ್ತರ ಇದು. ಎರಡು ಬಿಲ್ಲೆ ಒಂದರ ಮೇಲೊಂದು ಪೇರಿಸಬಾರದು ಎನ್ನುವುದಕ್ಕೂ ಕಾರಣ ಇದೇ.

ಬಿಲ್ಲೆ ಕೂರುವ ಜಾಗ ಎರಡು. ಸ್ಟ್ರಟ್‌ನ ತಲೆಗೂ ಚಾಸಿಗೂ ನಡುವೆ ಕೂರಿಸಿದರೆ ಸ್ಪ್ರಿಂಗ್‌ನ ಗುಣ ಮೊದಲಿನಂತೆಯೇ ಉಳಿಯುತ್ತದೆ. ಆದರೆ ಚಕ್ರ ಗುಂಡಿಗೆ ಇಳಿದಾಗ ಮೊದಲಿಗಿಂತ ಹೆಚ್ಚು ಕೆಳಗೆ ಜೋಲುತ್ತದೆ. ಬಾಲ್ ಜಾಯಿಂಟ್ ಮತ್ತು ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್‌ನ ಕೀಲುಗಳು ತೀರ ಓರೆಯಾಗುತ್ತವೆ. ಸ್ಪ್ರಿಂಗ್‌ನ ಮೇಲೆ, ಸ್ಟ್ರಟ್‌ನ ಒಳಗೇ ಕೂರಿಸಿದರೆ ಹಾಗೆ ಜೋಲುವುದಿಲ್ಲ. ಆದರೆ ಸ್ಪ್ರಿಂಗ್ ಮೊದಲೇ ಅಮುಕಿಕೊಂಡಿರುವುದರಿಂದ ಸವಾರಿ ಒರಟಾಗುತ್ತದೆ. ಮೂರನೆಯ ದಾರಿ, ಹಳೆಯ ಸ್ಟ್ರಟ್ ತೆಗೆದು ಎತ್ತರವನ್ನು ಹಂತಹಂತವಾಗಿ ಹೊಂದಿಸಬಹುದಾದ ಹೊಸ ಸ್ಟ್ರಟ್ ಹಾಕುವುದು. ಖರ್ಚು ಹೆಚ್ಚು. ಆದರೆ 50–60 ಸಾವಿರ ಮೈಲಿ ಓಡಿದ ಗಾಡಿಯ ಸ್ಟ್ರಟ್ ಹೇಗೂ ದಣಿದಿರುತ್ತದೆ. ಹಳೆಯದರ ಮೇಲೆ ಬಿಲ್ಲೆ ಇಟ್ಟು ಕೂಲಿ ಕೊಡುವುದಕ್ಕಿಂತ ಇದು ಮೇಲು.

ಎಲ್ಲ ಪಿಕಪ್‌ಗಳ ಒಡಲೂ ಒಂದೇ ಅಲ್ಲ. ಜನರಲ್ ಮೋಟರ್ಸ್‌ನ ದೊಡ್ಡ 2500, 3500 ಗಾಡಿಗಳ ಮುಂಭಾಗವನ್ನು ಹೊರುವುದು ತಿರುಚಿದ ಉಕ್ಕಿನ ಸರಳು, ಅಂದರೆ ಟಾರ್ಶನ್ ಬಾರ್. ಅಲ್ಲಿ ಕಿಟ್ ಎಂದರೆ ಆ ಸರಳನ್ನು ಹಿಡಿಯುವ ಹೊಸ ಕೀ. ನಾಲ್ಕು ಚಕ್ರದ ಎಳೆತದ ಫೋರ್ಡ್ ಎಫ್-250, ರ‍್ಯಾಮ್ 2500ರಲ್ಲಿ ಮುಂದೆಯೂ ಇಡೀ ಅಚ್ಚಿದೆ. ಅಲ್ಲಿ 2 ಇಂಚಿನ ಬಿಲ್ಲೆ ಹೆಚ್ಚುಕಮ್ಮಿ 2 ಇಂಚೇ ಎತ್ತುತ್ತದೆ. ಹಾಗಾಗಿ ಕಿಟ್ ಕೊಳ್ಳುವಾಗ ಗಾಡಿಯ ಹೆಸರು ಹೇಳಿದರೆ ಸಾಲದು. ಮಾಡೆಲ್, ವರ್ಷ, ಎರಡು ಚಕ್ರದ ಎಳೆತವೋ ನಾಲ್ಕು ಚಕ್ರದ್ದೋ ಎಲ್ಲವನ್ನೂ ಹೇಳಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಸ್ಟ್ರಟ್‌ನೊಳಗಿನ ಸ್ಪ್ರಿಂಗ್ ಸಾವಿರಾರು ಪೌಂಡ್ ತಡೆಯಬಲ್ಲದ್ದು, ಅಮುಕಿಟ್ಟ ಸ್ಥಿತಿಯಲ್ಲೇ ಅಲ್ಲಿರುತ್ತದೆ. ಸರಿಯಾದ ಕಂಪ್ರೆಸರ್ ಇಲ್ಲದೆ ನಡುವಿನ ನಟ್ ಬಿಚ್ಚಿದರೆ ಅದು ಸಿಡಿಯುತ್ತದೆ. ಕೈ ಹೋಗಬಹುದು, ಜೀವ ಹೋಗಬಹುದು. ಮನೆಯ ಗ್ಯಾರೇಜಿನಲ್ಲಿ ಪಾನಾ ಹಿಡಿಯುವ ಅಭ್ಯಾಸ ಇರುವವರೂ ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ವರ್ಕ್‌ಶಾಪಿಗೇ ಬಿಡಿ.

ಎತ್ತಿದ ಮೇಲೆ

ಎತ್ತರ ಬದಲಾದ ಕ್ಷಣವೇ ಚಕ್ರಗಳು ನಿಲ್ಲುವ ಕೋನವೂ ಬದಲಾಗುತ್ತದೆ. ಆದ್ದರಿಂದ ಅಲೈನ್‌ಮೆಂಟ್ ಕಡ್ಡಾಯ. ಎರಡು ಚಕ್ರಗಳ ಮುಖ ಕೂದಲೆಳೆಯಷ್ಟು ಒಳಕ್ಕೋ ಹೊರಕ್ಕೋ ತಿರುಗಿದ್ದರೂ ಹೊಸ ಟೈರಿನ ಒಂದು ಅಂಚು ಕೆಲವೇ ಸಾವಿರ ಮೈಲಿಗಳಲ್ಲಿ ಸವೆದುಹೋಗುತ್ತದೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್‌ನ ಮೊದಲಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟ್ ಕೇಳಿ ಪಡೆಯಿರಿ.

ಎರಡನೆಯದು ಹೆಡ್‌ಲೈಟ್. ಇದನ್ನು ನಾನು ಕಲಿತದ್ದು ರಸ್ತೆಯಲ್ಲಿ. ಹಲವು ವರ್ಷಗಳ ಹಿಂದೆ ನನ್ನ ಹಳೆಯ ಪಿಕಪ್‌ನ ಮುಂಭಾಗ ಎತ್ತಿಸಿದೆ. ವರ್ಕ್‌ಶಾಪಿನವರು ಬಿಲ್ಲು ಕೊಟ್ಟು ಕೀ ಕೊಟ್ಟರು. ದೀಪದ ಮಾತು ಅವರೂ ಎತ್ತಲಿಲ್ಲ, ನನಗೂ ತಿಳಿದಿರಲಿಲ್ಲ. ಆ ರಾತ್ರಿ ಎರಡೇ ಲೇನಿನ ರಸ್ತೆಯಲ್ಲಿ ಮನೆಗೆ ಬರುವಾಗ ಎದುರಿನ ಗಾಡಿಗಳು ಒಂದಾದ ಮೇಲೊಂದು ಡಿಮ್ ಡಿಪ್ ಮಾಡತೊಡಗಿದವು. ನನ್ನದು ಡಿಮ್‌ನಲ್ಲೇ ಇತ್ತು. ಒಂದು ಸಣ್ಣ ಕಾರು ಎದುರಿನ ಬೆಳಕಿಗೆ ತಡೆಯಲಾರದೆ ರಸ್ತೆಯಂಚಿನ ಜಲ್ಲಿಗೆ ಇಳಿದು, ತಡವರಿಸಿ, ಮತ್ತೆ ರಸ್ತೆಗೆ ಬಂತು. ಏನೂ ಆಗಲಿಲ್ಲ. ಆದರೆ ಆ ಕಾರಿನೊಳಗೆ ಯಾರಿದ್ದರೋ ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಮರುದಿನ ಸಂಜೆ ಗೋಡೆಯಿಂದ 25 ಅಡಿ ದೂರದಲ್ಲಿ ಗಾಡಿ ನಿಲ್ಲಿಸಿ, ದೀಪದ ನಡುಮಟ್ಟಕ್ಕೆ ಗೋಡೆಯ ಮೇಲೆ ಟೇಪು ಅಂಟಿಸಿ ನೋಡಿದೆ. ಬೆಳಕಿನ ಮೇಲಂಚು ಟೇಪಿಗಿಂತ ಮೇಲಿತ್ತು. ಇರಬೇಕಾದದ್ದು ಅದಕ್ಕಿಂತ ಕೊಂಚ ಕೆಳಗೆ. ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಸರಿಮಾಡಲು ಬೇಕಾದದ್ದು ಹತ್ತು ನಿಮಿಷ. ಇನ್ನೊಬ್ಬರ ಕಣ್ಣಿಗೆ ಸೇರಿದ ಹತ್ತು ನಿಮಿಷ ಅದು. ಗಾಡಿ ಎತ್ತಿಸುವ ಪ್ರತಿಯೊಬ್ಬರೂ ಇದನ್ನು ಮಾಡಲೇಬೇಕು. ಈಚಿನ ಗಾಡಿಗಳಲ್ಲಿ ಗಾಜಿನ ಹಿಂದಿನ ಕ್ಯಾಮೆರಾ, ಬಂಪರ್‌ನೊಳಗಿನ ರಾಡಾರ್ ತಾವೇ ಬ್ರೇಕ್ ಹಾಕುತ್ತವೆ, ಲೇನ್ ಕಾಯುತ್ತವೆ. ಅವುಗಳ ನೋಟದ ಕೋನವನ್ನೂ ಪರೀಕ್ಷಿಸಬೇಕೇ ಎಂದು ಕೇಳಿ ತಿಳಿದುಕೊಳ್ಳಿ.

ಟೈರಿನ ಮೈಮೇಲಿನ ಬರಹ

ಈಗ ಟೈರಿಗೆ ಬರೋಣ. ಗೆಳೆಯನ ಗಾಡಿಯಲ್ಲಿದ್ದದ್ದು 275/65ಆರ್18. ಇದರಲ್ಲಿ 275 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65. 18 ಎಂದರೆ ಡಿಸ್ಕ್‌ನ ವ್ಯಾಸ, ಇಂಚಿನಲ್ಲಿ. ಪೇಪರು ಪೆನ್ನು ಹಿಡಿದರೆ ಸಾಕು: 275ರ ಶೇ 65 ಎಂದರೆ 178.75 ಮಿ.ಮೀ., ಮೇಲೂ ಕೆಳಗೂ ಎರಡು ಸಲ ಕೂಡಿ 357.5, ಡಿಸ್ಕ್ 457.2, ಒಟ್ಟು 814.7 ಮಿ.ಮೀ. ಅಂದರೆ 32 ಇಂಚು. ಇದೇ ಅಗಲದಲ್ಲಿ ಮುಂದಿನ ಅಳತೆಯಾದ 275/70ಆರ್18 ತೆಗೆದುಕೊಂಡರೆ 842.2 ಮಿ.ಮೀ., ಅಂದರೆ 33 ಇಂಚು. ಗೆಳೆಯ ಕೇಳಿದ್ದು 35.

ಒಂದು ಇಂಚಿಗೂ ಮೂರು ಇಂಚಿಗೂ ಏನು ವ್ಯತ್ಯಾಸ? ಮೊದಲು ಲಾಭ ನೋಡೋಣ. ಟೈರಿನ ವ್ಯಾಸ ಎಷ್ಟು ಹೆಚ್ಚುತ್ತದೋ ಅದರ ಅರ್ಧದಷ್ಟು ಮಾತ್ರ ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುತ್ತದೆ. 33 ಇಂಚಿನಿಂದ ಸಿಗುವುದು ಸುಮಾರು ಅರ್ಧ ಇಂಚು, 35ರಿಂದ ಒಂದೂವರೆ. ಅಚ್ಚಿನ ನಡುವಿನ ಡಿಫರೆನ್ಷಿಯಲ್ ಗುಂಡನ್ನು ನೆಲದಿಂದ ಮೇಲೆತ್ತುವ ದಾರಿ ಟೈರೊಂದೇ; ಲೆವೆಲಿಂಗ್ ಕಿಟ್‌ನಿಂದ ಹಿಂದಿನ ಅಚ್ಚು ಒಂದು ಕೂದಲಷ್ಟೂ ಏಳುವುದಿಲ್ಲ.

ಇನ್ನು ಬೆಲೆ. ದೊಡ್ಡ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಉರುಳುತ್ತದೆ. ಸ್ಪೀಡೋಮೀಟರಿಗೆ ಅದು ಗೊತ್ತಿಲ್ಲ. ಕೊಲೊರಾಡೊದ ಊರಾಚೆಯ ಹೆದ್ದಾರಿಯಲ್ಲಿ ಮಿತಿ ಗಂಟೆಗೆ 75 ಮೈಲಿ. ಮುಳ್ಳು 75 ತೋರಿಸುವಾಗ 33 ಇಂಚಿನ ಟೈರಿನ ನಿಜವಾದ ವೇಗ ಸುಮಾರು 77.5, 35 ಇಂಚಿನದಾದರೆ 82ರ ಹತ್ತಿರ. ಕಂಪ್ಯೂಟರಿನಲ್ಲಿ ಟೈರಿನ ಅಳತೆ ಬದಲಿಸಿದರೆ ಮುಳ್ಳು ಸರಿಯಾಗುತ್ತದೆ. ಆದರೆ ಎಂಜಿನ್ನಿನ ಕಷ್ಟ ಸರಿಯಾಗುವುದಿಲ್ಲ. ಹಿಂದಿನ ಅಚ್ಚಿನ ಗೇರ್ ಅನುಪಾತ 3.55 ಇದ್ದರೆ, 33 ಇಂಚಿನ ಟೈರಿನೊಂದಿಗೆ ಅದು 3.43ರಂತೆ, 35 ಇಂಚಿನದರೊಂದಿಗೆ 3.25ರಂತೆ ನಡೆದುಕೊಳ್ಳುತ್ತದೆ. ಹೆಚ್ಚಿನ ಗೇರಿನಲ್ಲಿ ಸೈಕಲ್ ಹತ್ತಿ ಏರು ತುಳಿದವರಿಗೆ ಇದರರ್ಥ ತೊಡೆಗೇ ತಿಳಿದಿರುತ್ತದೆ. ಟ್ರೇಲರ್ ಎಳೆಯುತ್ತಾ ರಾಕಿ ಪರ್ವತದ ಘಾಟಿ ಹತ್ತುವಾಗ ಗೇರ್‌ಬಾಕ್ಸ್ ಮೇಲೆಕೆಳಗೆ ಒದ್ದಾಡುತ್ತದೆ, ಮೈಲೇಜ್ ಇಳಿಯುತ್ತದೆ, ಬ್ರೇಕಿಗೂ ದುಡಿಮೆ ಹೆಚ್ಚುತ್ತದೆ.

ಜಾಗದ ಪ್ರಶ್ನೆಯೂ ಇದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ದೊಡ್ಡ ಟೈರ್ ಮಡ್‌ಫ್ಲಾಪಿಗೆ, ಫೆಂಡರ್ ಒಳಗಿನ ಪ್ಲಾಸ್ಟಿಕ್ಕಿಗೆ, ಕೆಲವೊಮ್ಮೆ ಚಾಸಿಗೇ ಉಜ್ಜುತ್ತದೆ. 33 ಇಂಚು ಸಾಮಾನ್ಯವಾಗಿ ಲೆವೆಲಿಂಗ್ ಕಿಟ್‌ನೊಂದಿಗೆ ಹೊಂದುತ್ತದೆ. 35 ಇಂಚಿಗೆ ಕತ್ತರಿಸುವ ಕೆಲಸ ಬೀಳುವುದೇ ಹೆಚ್ಚು. ಉಜ್ಜಬಾರದೆಂದು ಹೊರಕ್ಕೆ ಚಾಚಿದ ಹೊಸ ಡಿಸ್ಕ್ ಹಾಕಿದರೆ ಟೈರ್ ತಿರುಗುವ ವೃತ್ತ ದೊಡ್ಡದಾಗಿ ಬೇರೆ ಕಡೆ ಉಜ್ಜಬಹುದು, ಬೇರಿಂಗ್ ಮೇಲೆ ಹೊರೆ ಹೆಚ್ಚುತ್ತದೆ, ಜಲ್ಲಿಯೆಲ್ಲ ಬಾಗಿಲಿಗೆ ಸಿಡಿಯುತ್ತದೆ. ಗಾಡಿಯೊಂದಿಗೆ ಬಂದ ಡಿಸ್ಕ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.

ಸ್ಟೆಪ್ನಿಯನ್ನು ಬಹಳ ಜನ ಮರೆಯುತ್ತಾರೆ. ನಾಲ್ಕು ಟೈರ್ 33 ಇಂಚು, ತೊಟ್ಟಿಯ ಕೆಳಗಿನ ಸ್ಟೆಪ್ನಿ ಇನ್ನೂ ಹಳೆಯದೇ ಎಂದಿಟ್ಟುಕೊಳ್ಳಿ. ಹಿಮದ ದಾರಿಯಲ್ಲಿ ಪಂಕ್ಚರ್ ಆಗಿ ಅದನ್ನು ಹಾಕಿ ನಾಲ್ಕೂ ಚಕ್ರದ ಎಳೆತ ಹಾಕಿದರೆ, ಒಂದು ಚಕ್ರ ಬೇರೆ ಲೆಕ್ಕದಲ್ಲಿ ಸುತ್ತಿ ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್‌ಗಳ ಮೇಲೆ ಒತ್ತಡ ಬೀಳುತ್ತದೆ. ಐದು ಟೈರ್ ಕೊಳ್ಳಿ. ಐದನೆಯದು ಕೆಳಗಿನ ಜಾಗದಲ್ಲಿ ಹಿಡಿಸುತ್ತದೆಯೇ ಎಂದು ಮೊದಲೇ ಅಳೆಯಿರಿ.

ಗಾಳಿ ಹೊರುವ ಭಾರ

ಟೈರಿನಲ್ಲಿ ಹೊರೆ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಈ ಮಾತು ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ.

ಪಿಕಪ್ ಟೈರ್‌ಗಳಲ್ಲಿ ಎರಡು ಜಾತಿ. ಕಾರಿನ ಜಾತಿಯದು ಹಗುರ, ಮೆತ್ತಗೆ, ಸದ್ದಿಲ್ಲದ್ದು. ಅಳತೆಗೆ ಮೊದಲು ಎಲ್‌ಟಿ ಎಂಬ ಅಕ್ಷರಗಳಿದ್ದರೆ ಲೈಟ್ ಟ್ರಕ್ ಜಾತಿಯದು: ಪಕ್ಕದ ಗೋಡೆ ಗಟ್ಟಿ, ಕಲ್ಲು ಚುಚ್ಚಿದರೆ ತಾಳುತ್ತದೆ, ಒಂದೊಂದೂ 10ರಿಂದ 15 ಪೌಂಡ್ ಹೆಚ್ಚು ಭಾರ. ಎಲ್‌ಟಿಯಲ್ಲಿ ಲೋಡ್ ರೇಂಜ್ ಸಿ, ಡಿ, ಇ ಎಂಬ ದರ್ಜೆಗಳಿವೆ. ಗೆಳೆಯನ ಹಳೆಯ ಟೈರಿನ ಲೋಡ್ ಇಂಡೆಕ್ಸ್ 116, ಅಂದರೆ 1,250 ಕಿಲೋ; ಈ ಜಾತಿಯ ಟೈರನ್ನು ಪಿಕಪ್‌ಗೆ ಹಾಕಿದಾಗ ಅದನ್ನು 1.1ರಿಂದ ಭಾಗಿಸಿ 1,136 ಎಂದು ಹಿಡಿಯಬೇಕು. ಲೋಡ್ ರೇಂಜ್ ಇ ದರ್ಜೆಯ ಎಲ್‌ಟಿ275/70ಆರ್18ರ ಇಂಡೆಕ್ಸ್ 125, ಅಂದರೆ 1,650 ಕಿಲೋ. ಆದರೆ ಅಷ್ಟು ಹೊರುವುದು 80 ಪಿಎಸ್‌ಐ ಗಾಳಿಯಿದ್ದಾಗ ಮಾತ್ರ.

ಜನ ಜಾರುವುದು ಇಲ್ಲಿಯೇ. ಬಾಗಿಲ ಚೀಟಿಯಲ್ಲಿ 35 ಪಿಎಸ್‌ಐ ಎಂದಿದೆ, ಹೊಸ ಎಲ್‌ಟಿ ಟೈರಿಗೂ 35 ತುಂಬಿಸುತ್ತಾರೆ. ಅದೇ ಗಾಳಿಯಲ್ಲಿ ಎಲ್‌ಟಿ ಟೈರ್ ಹಳೆಯ ಟೈರಿಗಿಂತ ಕಡಿಮೆ ಹೊರುತ್ತದೆ. ಟೈರ್ ಕಂಪನಿಗಳು ಎಷ್ಟು ಭಾರಕ್ಕೆ ಎಷ್ಟು ಗಾಳಿ ಎಂಬ ಪಟ್ಟಿ ಕೊಡುತ್ತವೆ. ಅದನ್ನು ನೋಡಿ ಹೆಚ್ಚಿಸಬೇಕು. ಹಾಗೆಂದು ಖಾಲಿ ಗಾಡಿಗೆ 80 ತುಂಬಿಸಿದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಹಿಡಿತ ಕಳೆದುಹೋಗುತ್ತದೆ.

ಗಾಳಿಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆಂದು ಅಮೆರಿಕ ದೊಡ್ಡ ಬೆಲೆ ತೆತ್ತು ಕಲಿತಿದೆ. 2000ನೇ ಇಸವಿಯ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರ್ ವಾಪಸ್ ಕರೆಯಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಬಿಸಿಲಲ್ಲಿ, ಹೆಚ್ಚು ವೇಗದಲ್ಲಿ ಟೈರಿನ ಮೇಲ್ಪದರ ಕಿತ್ತುಹೋಗಿ ಗಾಡಿಗಳು ಮಗುಚಿದ್ದವು. ಒಟ್ಟಾರೆ 200ಕ್ಕೂ ಹೆಚ್ಚು ಜನ ಸತ್ತರು. ಟೈರಿನ ತಯಾರಿಕೆ, ಗಾಡಿಯ ವಿನ್ಯಾಸದ ಜೊತೆಗೆ ಫೋರ್ಡ್ ಸೂಚಿಸಿದ್ದ 26 ಪಿಎಸ್‌ಐ ಗಾಳಿಯೂ ಆ ವಿವಾದದ ನಡುವಿನಲ್ಲಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಟ್ರೆಡ್ ಕಾಯ್ದೆ ಬಂತು. ಇಂದು ಅಮೆರಿಕದ ಹೊಸ ಕಾರು, ಪಿಕಪ್‌ನಲ್ಲಿ ಟೈರಿನ ಗಾಳಿ ಇಳಿದಾಗ ಹೊತ್ತಿಕೊಳ್ಳುವ ಹಳದಿ ದೀಪ ಆ ಕಾಯ್ದೆಯ ಫಲ. ಆದರೆ ಆ ದೀಪ ಹೊತ್ತುವುದು ಗಾಡಿಗೆ ಸೂಚಿಸಿದ ಗಾಳಿಗಿಂತ ಶೇ 25ರಷ್ಟು ಇಳಿದ ಮೇಲೆ. ಹೆಚ್ಚು ಗಾಳಿ ಬೇಡುವ ಎಲ್‌ಟಿ ಟೈರ್ ಹಾಕಿ ಸಿಸ್ಟಂ ಹೊಂದಿಸದಿದ್ದರೆ ದೀಪ ಬಲು ತಡವಾಗಿ ಹೊತ್ತುತ್ತದೆ. ಅದಕ್ಕೇ ಹತ್ತು ಡಾಲರಿನ ಗೇಜ್ ಒಂದನ್ನು ಗಾಡಿಯಲ್ಲೇ ಇಟ್ಟುಕೊಂಡು ತಿಂಗಳಿಗೊಮ್ಮೆ, ಟೈರ್ ತಣ್ಣಗಿರುವಾಗ ನೋಡಿಕೊಳ್ಳಿ.

ಟೈರಿನ ಬಟನ್ ವಿಷಯದಲ್ಲಿ ದಾರಿಯೇ ಉತ್ತರ ಹೇಳುತ್ತದೆ. ದಿನವೂ ಡಾಂಬರು, ವಾರಕ್ಕೊಮ್ಮೆ ಜಲ್ಲಿ, ಚಳಿಗಾಲದಲ್ಲಿ ಹಿಮ ಎನ್ನುವವರಿಗೆ ಆಲ್‌ಟೆರೇನ್ ಸಾಕು. ಮಡ್ ಟೈರಿನ ದಪ್ಪ ಬಟನ್ ಕೆಸರಿನಲ್ಲಿ ಮಾತ್ರ ನೆಂಟ. ಡಾಂಬರಿನಲ್ಲಿ ಮೊರೆಯುತ್ತದೆ, ಮಂಜುಗಡ್ಡೆಯ ಮೇಲೆ ಜಾರುತ್ತದೆ. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹೂವು ಇರುವ ಗುರುತನ್ನು ಟೈರಿನ ಪಕ್ಕದಲ್ಲಿ ಹುಡುಕಿ. ಹಿಮದ ಪರೀಕ್ಷೆಯಲ್ಲಿ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಡೆನ್ವರ್‌ನಿಂದ ಬೆಟ್ಟಕ್ಕೆ ಹೋಗುವ ಐ-70 ಹೆದ್ದಾರಿಯಲ್ಲಿ, ಮಾರಿಸನ್‌ನಿಂದ ಡಾಟ್‌ಸೆರೊವರೆಗೆ, ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಬಟನ್ನಿನ ಆಳ ಕನಿಷ್ಠ ಇಂಚಿನ ಹದಿನಾರರಲ್ಲಿ ಮೂರು ಪಾಲು, ಅಂದರೆ ಸುಮಾರು 5 ಮಿ.ಮೀ. ಇರಬೇಕೆಂಬ ಕಾನೂನಿದೆ. ಹಾಗೆಯೇ ಟೈರಿನ ವಯಸ್ಸು: ಡಾಟ್ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ, ಅದು 2024ರ 23ನೇ ವಾರ ಹುಟ್ಟಿದ್ದು.

ವಾರಂಟಿ ಹೋಗುತ್ತದೆಂದು ಹೆದರುವವರಿಗೆ ಒಂದು ಮಾತು. ಅಮೆರಿಕದಲ್ಲಿ 1975ರಿಂದ ಮ್ಯಾಗ್ನುಸನ್–ಮಾಸ್ ಕಾಯ್ದೆ ಇದೆ. ಹೊರಗಿನ ಭಾಗ ಹಾಕಿಸಿದಿರಿ ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ತಳ್ಳಿಹಾಕುವಂತಿಲ್ಲ. ಕೆಟ್ಟದ್ದು ಆ ಭಾಗದಿಂದಲೇ ಎಂದು ತೋರಿಸಬೇಕು. ಆದರೆ ಬಿಲ್ಲೆ ಹಾಕಿಸಿದ ಮೇಲೆ ಬಾಲ್ ಜಾಯಿಂಟ್ ಸವೆದರೆ ಹಾಗೆ ತೋರಿಸುವುದು ಅವರಿಗೆ ಕಷ್ಟವೂ ಅಲ್ಲ.

ಊರಿನಲ್ಲಿ ಇದನ್ನು ಓದುವವರಿಗೂ ಒಂದು ಮಾತಿದೆ. ಇಸುಜು ವಿ-ಕ್ರಾಸ್, ಬಿಡದಿಯಲ್ಲಿ ಜೋಡಣೆಯಾಗುವ ಟೊಯೊಟಾ ಹೈಲಕ್ಸ್ ಈಗ ನಮ್ಮ ತೋಟದ ರಸ್ತೆಗಳಲ್ಲೂ ಕಾಣುತ್ತವೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಇಲ್ಲಿಯ ವಿಡಿಯೊ ನೋಡಿ ಅಲ್ಲಿ ಕಿಟ್ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ವಿಚಾರಿಸಿ.

ಗೆಳೆಯ ಸೋಮವಾರ ಅಂಗಡಿಗೆ ಹೋಗಲಿಲ್ಲ. ಎರಡು ವಾರ ಬಿಟ್ಟು ಹೋದ. ಎತ್ತರ ಹೊಂದಿಸಬಹುದಾದ ಸ್ಟ್ರಟ್ ಹಾಕಿಸಿ, ಮುಂಭಾಗವನ್ನು 1 ಇಂಚು ಮಾತ್ರ ಎತ್ತಿಸಿದ. ಹಳೆಯ ಡಿಸ್ಕಿಗೇ 33 ಇಂಚಿನ ಎಲ್‌ಟಿ ಆಲ್‌ಟೆರೇನ್ ಟೈರ್, ಐದು. ಅಲೈನ್‌ಮೆಂಟ್ ಪ್ರಿಂಟ್ ಜೇಬಿನಲ್ಲಿತ್ತು. ಸಂಜೆ ಗೋಡೆಗೆ ಟೇಪು ಅಂಟಿಸಿ ದೀಪ ಸರಿಮಾಡಿದೆವು. 70 ಮೈಲಿ ಓಡಿಸಿದ ಮೇಲೆ ಟಾರ್ಕ್ ಪಾನಾ ಹಿಡಿದು ಚಕ್ರದ ನಟ್ಟುಗಳನ್ನೆಲ್ಲ 150 ಪೌಂಡ್-ಅಡಿಗೆ ಮತ್ತೆ ಬಿಗಿದೆವು. ಅವುಗಳಲ್ಲಿ ಎರಡು ನಟ್ಟು ಕಾಲು ಸುತ್ತು ತಿರುಗಿದವು.

ಹಿತ್ತಲಿನ ಕಾಲುದಾರಿ ಇನ್ನೂ ಅರ್ಧ ಉಳಿದಿತ್ತು. ಅದಕ್ಕೆಂದು ಹೊಸದಾಗಿ ತಂದ ಹತ್ತು ಚೀಲ ತೊಟ್ಟಿಯಲ್ಲೇ ಇದ್ದವು. ಅವನ ಮಗಳು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಳು, ಅವನು ಓದಿದ. ಮುಂದೆ 38 ಇಂಚಿನ ಮೇಲೆ ಅರ್ಧ. ಹಿಂದೆ 38ರ ಮೇಲೆ ಕಾಲು.

"ನೊಗ ಹಗುರಾಯ್ತಾ?" ಎಂದು ಕೇಳಿದೆ.

ಅವನು ಮುಂದಿನ ಬಂಪರ್ ಮೇಲೆ ಅಂಗೈ ಊರಿ, ಒಮ್ಮೆ ಒತ್ತಿ ನೋಡಿದ. "ಸರಿಯಾಗಿದೆ" ಎಂದು ಚೀಲ ಇಳಿಸಲು ತೊಟ್ಟಿ ಹತ್ತಿದ.